ಓಡಿಸಿ ಬಿಟ್ಟ ಗಾಡಿ

ದಿಗ್ಗೇವಾಡಿಯ ಲಗಮಪ್ಪನಿಗೆ ನಿವೃತ್ತಿಯ ಫಂಡಿನ ರೊಕ್ಕ ಕೈಗೆ ಬಂದ ದಿನ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ದುಃಖವೇನೂ ಇರಲಿಲ್ಲ ಬಿಡಿ. ಮೂವತ್ತೊಂದು ವರ್ಷ ರಾಯಬಾಗದ ಹೈಸ್ಕೂಲಿನಲ್ಲಿ ಸಿಪಾಯಿಯಾಗಿ ಗಂಟೆ ಬಾರಿಸಿ, ಬೆಂಚು ಒರೆಸಿ, ಮಾಸ್ತರರಿಗೆ ಚಹಾ ತಂದುಕೊಟ್ಟವನಿಗೆ ಸರಕಾರ ಕೊನೆಗೂ ಎಪ್ಪತ್ತು ಸಾವಿರ ಕೊಟ್ಟಿತ್ತು. ಅಷ್ಟು ರೊಕ್ಕವನ್ನು ಆ ಕೇರಿಯಲ್ಲಿ ಯಾರೂ ಒಂದೇ ಕಡೆ ಕಂಡವರಲ್ಲ. ಕಂಡದ್ದೇ ತಡ, ಜಗಳ ಶುರುವಾಯಿತು.

ಜಗಳ ಗಾಡಿಯದು. ಲಗಮಪ್ಪನ ಮಗ ದಶರಥ ಆರು ವರ್ಷದಿಂದ ಊರಿನ ಅಪ್ಪಾಸಾಬರ ಪಿಕಪ್ಪಿಗೆ ಡ್ರೈವರು. ಅಪ್ಪಾಸಾಬರೆಂದರೆ ಕೃಷ್ಣೆಯ ದಂಡೆಗೆ ಕಬ್ಬು, ಕಾಗವಾಡದ ಕಡೆ ದ್ರಾಕ್ಷಿ ತೋಟ ಇದ್ದ ಕುಳ. ಅವರು ಹೊಸ ಮಾಡೆಲ್ಲಿನ ಪಿಕಪ್ಪು ಬುಕ್ ಮಾಡಿ ಬಂದಿದ್ದರು. ಹಳೆಯದು ಮಾರುವುದಿತ್ತು. "ನಿಮ್ಮಪ್ಪಗ ಹೇಳು, ಬೇಕಂದ್ರ ಅವನಿಗೇ ಕೊಡ್ತೀನಿ, ಐವತ್ತೈದು ಸಾವಿರಕ್ಕ" ಎಂದು ದಶರಥನ ಕೈಯಲ್ಲೇ ಹೇಳಿ ಕಳಿಸಿದ್ದರು.

"ಸಾವ್ಕಾರ್ರು ತಾವಾಗೇ ಕೇಳ್ಯಾರ. ಇನ್ನ ವಿಚಾರ ಮಾಡೂದೇನೈತಿ?" ಎಂದ ಲಗಮಪ್ಪ, ರೊಟ್ಟಿ ಮುರಿಯುತ್ತ.

"ನನಗ ಹಳೇದು ಬ್ಯಾಡ," ಎಂದ ದಶರಥ. "ಹೊಸಾದು ತಗೊಳ್ಳೂಣ. ಎಪ್ಪತ್ತು ಕಟ್ಟಿದ್ರ ಉಳಿದದ್ದಕ್ಕ ಬ್ಯಾಂಕಿನವ್ರು ಸಾಲಾ ಕೊಡ್ತಾರ. ಐದು ಗೇರು, ಕಬ್ಬಿಣದ ಬಾಗಲಾ, ಗಾಜು ಏರಿಸಿ ಇಳಿಸೂದು. ಒಂದೂವರಿ ಟನ್ ಕಣ್ಣ ಮುಚ್ಚಿ ಹೇರಬಹುದು."

"ಎಪ್ಪತ್ತೂ?" ಎಂದಳು ತಾಯಿ ಅಕ್ಕುತಾಯಿ. ಹಂಚಿನ ಮೇಲಿನ ರೊಟ್ಟಿ ಕರಕಾದರೂ ಅವಳು ತಿರುವಿ ಹಾಕಲಿಲ್ಲ. "ಮತ್ತ ಶೇವಂತಾಂದು?"

ಶೇವಂತಾ ತಲೆ ತಗ್ಗಿಸಿ ಕಾರಬ್ಯಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ಆ ಕೇರಿಯಲ್ಲಿ ಪಿಯುಸಿ ಪಾಸಾದ ಮೊದಲ ಹುಡುಗಿ ಅವಳು. ಚಿಕ್ಕೋಡಿಯಲ್ಲಿ ಟಿ.ಸಿ.ಎಚ್. ಸೀಟು ಸಿಕ್ಕಿತ್ತು. ಡೊನೇಶನ್ನು, ಫೀಸು, ಹಾಸ್ಟೆಲ್ಲು ಎಲ್ಲ ಕೂಡಿ ಹದಿನೈದು ಸಾವಿರ. ಫೀಸು ತಗೊಳ್ಳುವುದು ಜುಲೈ ಕೊನೆಯ ವಾರ; ಮೂವತ್ತೊಂದರ ಒಳಗೆ ಕಟ್ಟಿದರೆ ಅವಳು ಮಾಸ್ತರಬಾಯಿ, ಕಟ್ಟದಿದ್ದರೆ ಸೀಟು ಇನ್ನೊಬ್ಬರಿಗೆ. ಹಳೇ ಗಾಡಿ ತಗೊಂಡರೆ ಉಳಿಯುವುದು ಸರಿಯಾಗಿ ಅಷ್ಟೇ ರೊಕ್ಕ. ಹೊಸದು ತಗೊಂಡರೆ ಬಿಡಿಗಾಸೂ ಇಲ್ಲ. ಇದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಶೇವಂತಾಂದು ಮುಂದಿನ ವರ್ಷ," ಎಂದ ದಶರಥ. "ಗಾಡಿ ದುಡದ್ರ ನಾನ ಕಾಲೇಜಿಗೆ ಹಚ್ತೀನಿ, ನನ್ನ ತಂಗಿನ್ನ."

"ಮುಂದಿನ ವರ್ಷ ಮತ್ತೊಂದು ಖರ್ಚ ಬರತೈತಿ. ಆಮ್ಯಾಲ ವರಾ ಬರ್ತಾವ. ನನಗ ಗೊತ್ತಿಲ್ಲನು?" ಎಂದಳು ಅಕ್ಕುತಾಯಿ.

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಆಯಿ ಮಲಕವ್ವ, ಲಗಮಪ್ಪನ ತಾಯಿ, ಎಲೆಗೆ ಸುಣ್ಣ ಹಚ್ಚುತ್ತ, "ಗಾಡಿನೂ ಬ್ಯಾಡ, ಗೀಡಿನೂ ಬ್ಯಾಡ. ನನಗೊಂದು ಹಲ್ಲಿನ ಸೆಟ್ ಕೂಡ್ಸರಿ," ಎಂದಳು. ಯಾರೂ ನಗಲಿಲ್ಲ. ಲಗಮಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದುಹೋದ.

ಮುಂದಿನ ಗುರುವಾರ ದಶರಥ ಹಟ ಹಿಡಿದು ಎಲ್ಲರನ್ನೂ ಚಿಕ್ಕೋಡಿಗೆ ಕರೆದೊಯ್ದ. "ಕಣ್ಣಿಲೆ ನೋಡ್ರಿ, ಆಮ್ಯಾಲ ಮಾತಾಡ್ರಿ" ಎಂದ. ಬಸ್ಸಿಳಿದು ಸಂತೆ ದಾಟಿ ಹೋದರೆ, ಗಾಜಿನ ಅಂಗಡಿಯ ಮುಂದೆ ನಿಂತಿತ್ತು, ಬಿಳಿ ಬಣ್ಣದ ಹೊಸ ಪಿಕಪ್ಪು. ಸೀಟಿನ ಮೇಲಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ದಶರಥ ಅದರ ಸುತ್ತ ಒಂದು ಸುತ್ತು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಅಣ್ಣನ ಮುಖ ಹಾಗೆ ಅರಳಿದ್ದನ್ನು ಶೇವಂತಾ ಎಂದೂ ನೋಡಿರಲಿಲ್ಲ.

ಒಳಗಿನಿಂದ ಬಂದ ಗುಮಾಸ್ತ ಇವರನ್ನು ಮೇಲಿಂದ ಕೆಳಗೆ ನೋಡಿ, "ಯಾರ ಕಡೆ ಡ್ರೈವರ್ ಪಾ ನೀ? ಮಾಲಕ್ರು ಎಲ್ಲಿ?" ಎಂದ.

"ನಾನ ತಗೊಳ್ಳಾವ್ರಿ," ಎಂದ ದಶರಥ.

"ಹೌದಾ!" ಎಂದ ಗುಮಾಸ್ತ. ಆಮೇಲೆ ಆಯಿಯ ಕಡೆ ತಿರುಗಿ, "ಅಜ್ಜಿ, ಬಾಗಲಕ್ಕ ಕೈ ಹಚ್ಚಬ್ಯಾಡ, ಪಾಲಿಶ್ ಮಾಡೇತಿ" ಎಂದ.

ಆಯಿ ಕೈ ತೆಗೆಯಲಿಲ್ಲ. "ಪಾಲಿಶ್ ನನ್ನ ಕೈಗೆ ಹತ್ತಲಿ ಬಿಡೋ ತಮ್ಮಾ, ತೊಳ್ಕೋತೀನಿ" ಎಂದಳು. ದಶರಥ ಜೋರಾಗಿ ನಕ್ಕ. ಲಗಮಪ್ಪ ಮಾತ್ರ, "ತಪ್ಪಾತ್ರಿ ಸಾಹೇಬ್ರ" ಎಂದು ಕೈ ಜೋಡಿಸಿ, ತಾಯಿಯ ರಟ್ಟೆ ಹಿಡಿದು ಹಿಂದೆ ಎಳೆದ.

ಅಂದು ಸಂಜೆ ಮನೆಯಲ್ಲಿ ದೊಡ್ಡ ಮಾತಾಯಿತು.

"ಹಳೇ ಗಾಡಿಗೆ ಏನಾಗೇತಿ?" ಎಂದ ಲಗಮಪ್ಪ. "ಆರು ವರ್ಷ ನೀನ ಓಡ್ಸೀದಿ. ಅದರ ನಾಡಿ ನಿನಗ ಗೊತ್ತೈತಿ. ಕೆಟ್ರ ಅಂಕಲಿ ಮಿಸ್ತ್ರಿ ಅರ್ಧಾ ತಾಸಿನ್ಯಾಗ ಬಿಚ್ಚಿ ಕೂಡಸ್ತಾನ. ಹೊಸಾದ್ದು ಕೆಟ್ರ ಬೆಳಗಾವಿಗೆ ಒಯ್ಯಬೇಕು."

"ಗೊತ್ತೈತಿ ಅಪ್ಪಾ. ಗಾಡಿ ಚಲೋ ಐತಿ. ನನ್ನ ಮಾತ ಅದಲ್ಲ." ದಶರಥ ಬಾಗಿಲಿಗೆ ಒರಗಿ ನಿಂತಿದ್ದ. "ಅವರು ಉಟ್ಟು ಬಿಟ್ಟ ಧೋತ್ರ ನೀ ಉಟ್ಟಿ. ಅವರ ಮನ್ಯಾಗ ಉಳಿದ ಹುಗ್ಗಿ ಆಯಿ ಗಡಗಿಯೊಳಗ ತಂದ್ಲು, ನಾವು ಉಂಡು ದೊಡ್ಡಾವ್ರಾದ್ವಿ. ಈಗ ಅವರು ಓಡಿಸಿ ಬಿಟ್ಟ ಗಾಡಿ ನಾ ಓಡಿಸಬೇಕನು? ನಾ ಅದರಾಗ ಸಾಯೂತನಕ ಕುಂತ್ರೂ ಊರ ಮಂದಿ ಅದನ್ನ ಅಪ್ಪಾಸಾಬರ ಗಾಡಿ ಅಂತನ ಅಂತಾರ. ನಾ ಅಪ್ಪಾಸಾಬರ ಡ್ರೈವರ್!"

"ಮಂದಿ ಅಂದ್ರ ಮೈಗೆ ತೂತ ಬೀಳ್ತಾವನು?"

"ಬೀಳ್ತಾವ, ಅಪ್ಪಾ."

ಆಗ ಶೇವಂತಾ ಬಾಯಿ ತೆರೆದಳು. ಬೇಕಾಗಿರಲಿಲ್ಲ, ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೆ ಅವಳಿಗೆ ಮೂವತ್ತೊಂದನೇ ತಾರೀಖು ಕಣ್ಣೆದುರು ಕುಣಿಯುತ್ತಿತ್ತು.

"ಅಣ್ಣಾ, ಬ್ಯಾಂಕಿನ ಕಂತು ಒಂದು ತಪ್ಪಿದ್ರ ಗಾಡಿ ಎಳಕೊಂಡು ಹೋಗ್ತಾರ. ಹಳೇದು ತಗೊಂಡ್ರ ಮೊದಲನೇ ದಿವಸದಿಂದ ನಿಂದ. ಯಾರೂ ಕೇಳಾವ್ರಿಲ್ಲ. ಬಣ್ಣಾ ಹಚ್ಚಿದ್ರ ಹೊಸಾದಕಿಂತ ಚಂದ ಕಾಣತೈತಿ."

ದಶರಥ ಅವಳನ್ನೇ ನೋಡಿದ. "ನೀ ಫೀಸಿನ ಸಲುವಾಗಿ ಹೇಳಾಕತ್ತಿ. ಬಾಯಿ ಬಿಟ್ಟು ಹೇಳು."

"ಹೌದು," ಎಂದಳು. "ಫೀಸಿನ ಸಲುವಾಗಿನ."

ಅವನು ಹೆಗಲ ಮೇಲಿನ ಟವೆಲ್ಲು ಝಾಡಿಸಿ, "ಆತು ತಗೋ. ನಿನ್ನ ಹಟಾನ ಗೆಲ್ಲಲಿ. ಒಬ್ಬಾಕಿಯರ ಈ ಮನ್ಯಾಗ ಕುರ್ಚಿ ಮ್ಯಾಲ ಕುಂದರ್ಲಿ," ಎಂದು ಹೊರಗೆ ಹೋದ. ಅಕ್ಕುತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಕ್ಕಿ ಆರಿಸಲು ಕೂತಳು.

ರೊಕ್ಕ ಕೊಡುವ ದಿನ ಲಗಮಪ್ಪ ಹೊಸ ಟೊಪಿಗೆ ಹಾಕಿಕೊಂಡು ಮಗನ ಜೊತೆ ಅಪ್ಪಾಸಾಬರ ವಾಡೆಗೆ ಹೋದ. ಅಲ್ಲಿ ನಡೆದದ್ದನ್ನು ಅವನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಅಪ್ಪಾಸಾಬರು ಅವನನ್ನು ಪಡಸಾಲೆಯ ಮೇಲಕ್ಕೆ ಕರೆದರಂತೆ. ಹುಟ್ಟಿದಾಗಿನಿಂದ 'ಲಗಮ್ಯಾ' ಎಂದು ಕರೆದವರು ಅಂದು ಮೊದಲ ಬಾರಿಗೆ 'ಬಾ ಲಗಮಪ್ಪಾ, ಕುಂದರು' ಎಂದರಂತೆ. ಮನೆಯ ಕಪ್ಪು-ಸಾಸರಿನಲ್ಲಿ ಚಹಾ ಕೊಡಿಸಿದರಂತೆ. ಐವತ್ತೈದು ಸಾವಿರವನ್ನು ಎಣಿಸದೆ ತಿಜೋರಿಗೆ ಹಾಕಿ, ಒಂದು ಕೀಲಿಕೈ ಕೊಟ್ಟರಂತೆ.

"ಕಾಗದಾ?" ಎಂದು ಕೇಳಿದಳು ಶೇವಂತಾ. "ಗಾಡಿ ನಮ್ಮ ಹೆಸರಿಗೆ ಆಗಬೇಕಲ್ಲ? ರಸೀದಿ?"

"ನಾ ಕೇಳ್ದೆ," ಎಂದ ದಶರಥ. "'ನಾ ಎಲ್ಲಿ ಊರ ಬಿಟ್ಟ ಓಡಿ ಹೋಗ್ತೀನೇನೋ? ಮಳಿ ಮುಗೀಲಿ, ಚಿಕ್ಕೋಡಿಗೆ ಹೋದಾಗ ಸಹಿ ಹಾಕ್ತೀನಿ' ಅಂದ್ರು. ನಾ ಇನ್ನೊಂದು ಮಾತ ಆಡೂದ್ರಾಗ ಅಪ್ಪ ನನ್ನ ಕಾಲ ತುಳದಾ."

"ಮತ್ತೇನ ಮಾಡ್ಲಿ?" ಎಂದ ಲಗಮಪ್ಪ ಸಿಡುಕಿನಿಂದ. "ಮನಷ್ಯಾ ಮನ್ಯಾಗ ಕುಂದ್ರಿಸಿ ಚಹಾ ಕೊಟ್ಟಾಗ ರಸೀದಿ ಕೊಡ್ರಿ ಅಂತ ಕೈ ಚಾಚೂದನು? ಮಾತಂದ್ರ ಮಾತು."

ಶೇವಂತಾಗೆ ಅದು ಸರಿ ಕಾಣಲಿಲ್ಲ. ಆದರೆ ಉಳಿದ ಹದಿನೈದು ಸಾವಿರವನ್ನು ಅವ್ವ ಹಿಟ್ಟಿನ ಡಬ್ಬಿಯ ತಳದಲ್ಲಿ ಇಡುವುದನ್ನು ಅವಳು ನೋಡಿದಳು, ನೋಡಿ ಸುಮ್ಮನಾದಳು. ಆ ಸುಮ್ಮನಾದದ್ದಕ್ಕೆ ಮುಂದೆ ತನ್ನನ್ನೇ ಎಷ್ಟು ಶಪಿಸಿಕೊಂಡಳೋ.

ಜೂನ್ ತಿಂಗಳು, ಖರೇ ಹೇಳಬೇಕೆಂದರೆ, ಆ ಮನೆ ಚಲೋ ದಿನ ಕಂಡಿತು. ದಶರಥ ನಸುಕಿನಲ್ಲಿ ಎದ್ದು ಸುತ್ತಲಿನ ಊರುಗಳಿಂದ ಬದನೆ, ಹಸಿಮೆಣಸಿನಕಾಯಿ ಹೇರಿಕೊಂಡು ಮಿರಜದ ಪೇಟೆಗೆ ಹೋಗುವನು. ಬರುವಾಗ ಗೊಬ್ಬರದ ಚೀಲ, ಸಿಮೆಂಟು ತರುವನು. ಗಾಡಿ ಕೈ ಕೊಡಲಿಲ್ಲ. ಸ್ಟೀರಿಂಗು ಬಿಗಿ, ಬಾಗಿಲಿನ ರೆಕ್ಸಿನ್ನು ಹರಿದಿತ್ತು, ಮಳೆ ನೀರು ಒಳಗೆ ಬಂದು ದಶರಥನ ಬಲ ತೋಳು ದಿನಾ ತೊಯ್ಯುತ್ತಿತ್ತು, ಅಷ್ಟೇ. ಅವ್ವ ಕಬ್ಬಿನ ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಆಯಿಗೆ ದಿನಾ ಪೇಟೆಯ ಬಾಳೆಹಣ್ಣು. ಒಂದು ರವಿವಾರ ದಶರಥ ಗಾಜಿನ ಮೇಲಿದ್ದ ಅಪ್ಪಾಸಾಬರ ಮನೆದೇವರ ಹೆಸರು ಕೆರೆದು ತೆಗೆದು, ನೀಲಿ ಬಣ್ಣದಲ್ಲಿ 'ಜೈ ಭೀಮ್' ಎಂದು ಬರೆಸಿಕೊಂಡು ಬಂದ. ಕೇರಿಯ ಮಂದಿಯೆಲ್ಲ ಬಂದು ನೋಡಿ ಹೋದರು.

"ಅಕ್ಷರಾ ಸೊಟ್ಟ ಆಗ್ಯಾವ," ಎಂದಳು ಶೇವಂತಾ.

"ನೀ ಮಾಸ್ತರಬಾಯಿ ಆದ ಮ್ಯಾಲ ನೆಟ್ಟಗ ಬರದ ಕೊಡು," ಎಂದು ಅವಳ ಜಡೆ ಎಳೆದ. ಅಣ್ಣ ತನ್ನ ಮೇಲಿನ ಸಿಟ್ಟು ಬಿಟ್ಟನೆಂದು ಅವಳಿಗೆ ಅಂದು ಹಗುರಾಯಿತು.

ಆದರೆ ಅಪ್ಪಾಸಾಬರ ಕರೆ ನಿಲ್ಲಲಿಲ್ಲ ನೋಡಿ. ಹೊಸ ಗಾಡಿ ಅವರ ವಾಡೆಯ ಮುಂದೆ ತಾಡಪತ್ರಿ ಹೊದ್ದು ನಿಂತಿತ್ತು. ಅದರಲ್ಲಿ ಅವರು ಚಿಕ್ಕೋಡಿಗೆ, ನಿಪ್ಪಾಣಿಗೆ ಬೀಗರ ಮನೆಗೆ ಹೋಗಿ ಬರುವರು. ಸೆಗಣಿಗೊಬ್ಬರ ಹೇರುವುದಿದ್ದರೆ, ಆಳುಗಳನ್ನು ಕರೆದೊಯ್ಯುವುದಿದ್ದರೆ, "ನಮ್ಮ ಹಳೇ ಗಾಡಿ ಕಳಸಂತ ಹೇಳು" ಎಂದು ಆಳು ಬರುವನು. ಬಾಡಿಗೆಯ ಮಾತೇ ಇಲ್ಲ.

"ಹೊಸಾ ಗಾಡ್ಯಾಗ ಗೊಬ್ಬರ ಹೆಂಗ ತುಂಬ್ತಾರಪಾ ಅವರು," ಎನ್ನುವನು ಲಗಮಪ್ಪ. "ನಾಕ ಹೇರು ಹಾಕಿ ಬಾ. ಏನ ಸವೀತೈತಿ?"

"ಡೀಸಲ್ ಸವೀತೈತಿ," ಎನ್ನುವನು ದಶರಥ. ಆದರೂ ಎರಡು ಸಲ ಹೋದ, ಮೂರನೇ ಸಲವೂ ಹೋದ. ನಾಲ್ಕನೇ ಸಲ ಮೆಣಸಿನಕಾಯಿ ಹೇರಿ ನಿಂತ ಗಾಡಿಯನ್ನು ಖಾಲಿ ಮಾಡಿಕೊಂಡು ಬರಬೇಕೆಂದು ಹೇಳಿ ಕಳಿಸಿದರು. ದಶರಥ, "ಗಾಡಿ ಈಗ ನಂದೈತಿ. ಬಾಡಿಗಿ ಕೊಟ್ರ ನಾಳಿ ಬರ್ತೀನಂತ ಹೇಳು ನಿಮ್ಮ ಸಾವ್ಕಾರ್ರಿಗೆ" ಎಂದು ಮಿರಜದ ದಾರಿ ಹಿಡಿದ.

ಮರುದಿನ ಬೆಳಿಗ್ಗೆ ಅಪ್ಪಾಸಾಬರ ಇಬ್ಬರು ಆಳುಗಳು ಬಂದರು. ದಶರಥ ಹೊಳೆಗೆ ಜಳಕಕ್ಕೆ ಹೋಗಿದ್ದ. ಅವರಲ್ಲಿ ಇನ್ನೊಂದು ಕೀಲಿಕೈ ಇತ್ತು. ಅಂಗಳ ಸಾರಿಸುತ್ತಿದ್ದ ಶೇವಂತಾ, "ಏ, ಯಾರ ಗಾಡಿ ಮುಟ್ಟಾಕತ್ತೀರಿ?" ಎಂದು ಅಡ್ಡ ನಿಂತಳು. "ಯಾರ ಹೆಸರಿನ್ಯಾಗ ಐತೋ ಅವರದು, ತಂಗೀ. ಬಾಜೂಕ ಸರಿ" ಎಂದ ಒಬ್ಬ. ಗಾಡಿ ಹೋಯಿತು. ಆಯಿ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು, ಅಕ್ಕಪಕ್ಕದವರು ಬಂದು ನಿಂತರು, ಅಷ್ಟರ ಮೇಲೆ ಏನೂ ಆಗಲಿಲ್ಲ.

ದಶರಥ ಹಸಿ ಮೈಯಲ್ಲೇ ವಾಡೆಗೆ ಓಡಿದ. ಅಪ್ಪಾಸಾಬರು ಹೊರಗೆ ಬರಲಿಲ್ಲ. ಲಗಮಪ್ಪ ಹೋದಾಗ ಬಂದರು. "ಮಗನ್ನ ಭಾಳ ಏರಿಸೀದಿ ಲಗಮ್ಯಾ. ನನ್ನ ಮನಿದೇವರ ಹೆಸರ ಕೆರದಾನ. ಗಾಡಿ ಇಲ್ಲೇ ಇರ್ಲಿ," ಎಂದರಂತೆ.

ಅಪ್ಪ ಮಗ ಹೋಗಿ ಕಂಡ ಚಿಕ್ಕೋಡಿಯ ತವನಪ್ಪ ವಕೀಲರು ಒಳ್ಳೆಯ ಮನುಷ್ಯ. ಫೀಸು ಆಮೇಲೆ ನೋಡೋಣ ಎಂದು ನೋಟೀಸು ಕಳಿಸಿದರು. "ರಸೀದಿ ಇಲ್ಲ, ಸಾಕ್ಷಿ ಇಲ್ಲ. ಆದ್ರೂ ನೋಟೀಸಿಗೆ ಹೆದರಿ ರಾಜಿಗೆ ಬಂದ್ರ ಬರಬಹುದು" ಎಂದಿದ್ದರು. ಹಾಗೇ ಆಯಿತು. ಜುಲೈ ಇಪ್ಪತ್ತೈದಕ್ಕೆ ಅಪ್ಪಾಸಾಬರಿಂದ ಹೇಳಿಕೆ ಬಂತು: ಇನ್ನೂ ಹದಿನೈದು ಸಾವಿರ ಕೊಟ್ಟರೆ ಎಲ್ಲ ಕಾಗದ ಮಾಡಿ ಮುಗಿಸೋಣ, ಸೋಮವಾರ ಕೋರ್ಟಿನ ಹತ್ತಿರ ಬಾ.

ಹದಿನೈದು ಸಾವಿರ ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಕಪ್ಪು-ಸಾಸರಿನಲ್ಲಿ ಚಹಾ ಕುಡಿದ ದಿನ ಲಗಮಪ್ಪ ಹಿಗ್ಗಿನಲ್ಲಿ ಎಲ್ಲವನ್ನೂ ಹೇಳಿ ಬಂದಿದ್ದ: ಮಗಳ ಸೀಟು, ಫೀಸು, ಮೂವತ್ತೊಂದನೇ ತಾರೀಖು.

ಅಂದು ಊಟಕ್ಕೆ ಬರೀ ನುಚ್ಚು, ಮಜ್ಜಿಗೆ. ಮೂರು ವಾರದಿಂದ ಮನೆಗೆ ದುಡಿಮೆಯಿರಲಿಲ್ಲ, ಲಗಮಪ್ಪನ ಪೆನ್ಶನ್ನು ಇನ್ನೂ ಮಂಜೂರಾಗಿರಲಿಲ್ಲ.

"ಆ ಡಬ್ಬಿ ಯಾರೂ ಮುಟ್ಟಬ್ಯಾಡ್ರಿ," ಎಂದ ದಶರಥ. "ಗಾಡಿ ಹೋದ್ರ ಹೋಗ್ಲಿ. ನಾ ಎಲ್ಲೆರ ಕೂಲಿ ಮಾಡ್ತೀನಿ. ಅದು ಶೇವಂತಾಂದು."

ಲಗಮಪ್ಪ ತಾಟಿನ ಮುಂದೆ ಕೂತು ಮೊಣಕಾಲು ತಬ್ಬಿಕೊಂಡಿದ್ದ. ಈ ಮೂರು ವಾರದಲ್ಲಿ ಹತ್ತು ವರ್ಷ ಮುದುಕನಾಗಿದ್ದ.

ಅಣ್ಣ ಬೈದಿದ್ದರೆ ಶೇವಂತಾ ತಡೆದುಕೊಳ್ಳುತ್ತಿದ್ದಳು. ನಿನ್ನಿಂದಲೇ ಹೀಗಾಯಿತು, ಹೊಸ ಗಾಡಿ ತಗೊಂಡಿದ್ದರೆ ಕಾಗದ ನನ್ನ ಹೆಸರಲ್ಲಿರುತ್ತಿತ್ತು ಎಂದು ಒಂದು ಮಾತು ಅಂದಿದ್ದರೆ ಅವಳು ಡಬ್ಬಿ ತಬ್ಬಿಕೊಂಡು ಕೂರುತ್ತಿದ್ದಳು. ಅವನು ಅನ್ನಲಿಲ್ಲ. ಅವಳು ಎದ್ದು ಹೋಗಿ ಹಿಟ್ಟು ಮೊರಕ್ಕೆ ಸುರುವಿ, ತಳದಿಂದ ನೋಟಿನ ಗಂಟು ತೆಗೆದು, ಅಪ್ಪನ ಮುಂದೆ ಇಟ್ಟಳು.

"ಗಾಡಿ ಬರ್ಲಿ ಅಪ್ಪಾ. ಗಾಡಿ ಬಂದ್ರ ಎಲ್ಲಾ ಬರತೈತಿ."

"ಹುಚ್ಚಿ!" ಎಂದು ಚೀರಿದ ದಶರಥ. "ಸೀಟ ಹೋಗತೈತಿ!"

"ಹೋಗ್ಲಿ. ಹಳೇದು ತಗೋರಿ ಅಂದಾಕಿ ನಾನ ಅಲ್ಲಾ?"

ಅಕ್ಕುತಾಯಿ ಮೊರದ ಹಿಟ್ಟಿನ ಮೇಲೆ ಕೈಯಿಟ್ಟು ಅಳತೊಡಗಿದಳು. "ಅಳಬ್ಯಾಡ ಬೇ, ಹಿಟ್ಟ ತೋಯ್ತೈತಿ," ಎಂದಳು ಆಯಿ. ಆದರೆ ಅವಳ ದನಿಯೂ ಸರಿಯಿರಲಿಲ್ಲ.

ಸೋಮವಾರ ಬೆಳಿಗ್ಗೆ ಲಗಮಪ್ಪ ಹೊರಟಾಗ ಶೇವಂತಾ ಸೀರೆ ಉಟ್ಟು ತಯಾರಾಗಿದ್ದಳು. "ನಾ ಬರ್ತೀನಿ ಅಪ್ಪಾ. ನಿನಗ ಸಹಿ ಅಷ್ಟ ಬರತೈತಿ, ಕಾಗದಾ ನಾ ಓದಿ ಹೇಳ್ತೀನಿ."

"ಕೋರ್ಟಿನ ಕಟ್ಟಿಗೆ ಹೆಣ್ಣಮಗಳು ಯಾಕವಾ? ದಶರಥಾನೂ ಬ್ಯಾಡ, ಅವನ ಬಾಯಿ ಸುಮ್ಕ ಇರೂದಿಲ್ಲ. ವಕೀಲ್ರ ಅದಾರಲ್ಲ."

ಸಂಜೆಯ ಬಸ್ಸಿಗೆ ಮರಳಿದ. ದೂರದಿಂದಲೇ ಮುಖದಲ್ಲಿ ಕಳೆ ಕಾಣಿಸಿತು. ಕೈಯಲ್ಲಿ ಪೇಢೆಯ ಪೊಟ್ಟಣ. ಕೂರುವ ಮೊದಲೇ ಹೇಳತೊಡಗಿದ.

"ಎಲ್ಲಾ ಮುಗೀತು! ಸಾವ್ಕಾರ್ರು ನನ್ನ ಹೊಸಾ ಗಾಡ್ಯಾಗ ಬಾಜೂಕ ಕುಂದ್ರಿಸಿಕೊಂಡು ಹೊಟೇಲಿಗೆ ಒಯ್ದ್ರು. 'ಲಗಮಪ್ಪಾ, ನಮ್ಮ ನಡಬರ್ಕ ಕೋರ್ಟ ಯಾಕ ಬೇಕಿತ್ತು? ನಮ್ಮಪ್ಪನ ಕಾಲದಿಂದ ಒಂದ ಮನಿ ಇದ್ದಂಗ ಅದೀವಿ' ಅಂದ್ರು. ಕಣ್ಣಾಗ ನೀರ ತಂದ್ರು. ನಾಳಿನ ದಶರಥನ ಕಳಸು, ಗಾಡಿ ಒಯ್ಯಲಿ ಅಂದಾರ. ಕಾಗದಾ ಟೈಪ್ ಮಾಡ್ಸಿದ್ರು, ನಾ ಸಹಿ ಮಾಡ್ದೆ."

"ವಕೀಲ್ರು ಓದಿದ್ರನು?" ಎಂದಳು ಶೇವಂತಾ.

"ವಕೀಲ್ರು ಒಳಗ ಕೇಸಿನ್ಯಾಗ ಇದ್ರವಾ. ಅವರ ಗುಮಾಸ್ತ ಅಂದಾ, ಸ್ವಲ್ಪ ನಿಲ್ಲಪಾ, ಸಾಹೇಬ್ರು ಬಂದು ಓದ್ಲಿ, ಆಮ್ಯಾಲ ಸಹಿ ಮಾಡು ಅಂತ. ಸಾವ್ಕಾರ್ರು ಪೆನ್ನ ಹಿಡಕೊಂಡು ನಿಂತಿದ್ರು. ಅವರನ್ನ ನಿಲ್ಲಿಸಿ ಓದಸೂದಂದ್ರ ನಿಮ್ಮ ಮ್ಯಾಲ ನನಗ ನಂಬಿಗಿ ಇಲ್ರಿ ಅಂದಂಗ ಆಗೂದಿಲ್ಲನು? ತಗೋ, ಈಗ ಓದು. ಆಯಿಗೂ ಕೇಳೂವಂಗ ಜೋರಲೆ ಓದು."

ಶೇವಂತಾ ಕಾಗದ ಬಿಚ್ಚಿದಳು. ಮೊದಲ ನಾಲ್ಕು ಸಾಲು ಹೆಸರು, ಊರು, ವಯಸ್ಸು. ಐದನೇ ಸಾಲಿಗೆ ಅವಳ ದನಿ ಸಣ್ಣದಾಯಿತು.

"'ಸದರಿ ಪಿಕಪ್ ವಾಹನದ ಮಾಲಕರು ಅಪ್ಪಾಸಾಬರೇ ಇದ್ದು, ಅದರ ಮೇಲೆ ನನ್ನದಾಗಲಿ ನನ್ನ ಮಗನದಾಗಲಿ ಯಾವ ಹಕ್ಕೂ ಇರುವುದಿಲ್ಲ. ನನ್ನ ಮಗನು ಸದರಿ ವಾಹನವನ್ನು ಒಂದು ತಿಂಗಳು ಮಾಲಕರ ಅಪ್ಪಣೆ ಇಲ್ಲದೆ ಬಾಡಿಗೆಗೆ ಓಡಿಸಿದ್ದರಿಂದ ಆದ ನುಕಸಾನಿ ಬಾಬತ್ತು, ಇಂದು ಹದಿನೈದು ಸಾವಿರ ಮುಟ್ಟಿಸಿರುತ್ತೇನೆ...'"

"ತಪ್ಪ ಓದಾಕತ್ತಿ," ಎಂದ ಲಗಮಪ್ಪ.

"'...ಇದಕ್ಕೂ ಮೊದಲು ವಾಹನದ ಸಲುವಾಗಿ ನಾನು ಯಾವ ಹಣವನ್ನೂ ಕೊಟ್ಟಿರುವುದಿಲ್ಲ. ನನ್ನ ಮಗ ದಶರಥನನ್ನು ಚಾಲಕನೆಂದು ಮೊದಲಿನ ಪಗಾರದ ಮೇಲೆ ಮುಂದುವರಿಸಲು ಮಾಲಕರು ದಯವಿಟ್ಟು ಒಪ್ಪಿರುತ್ತಾರೆ. ಓದಿಸಿ ಕೇಳಿ, ಸ್ವಂತ ಖುಷಿಯಿಂದ ಸಹಿ ಮಾಡಿರುತ್ತೇನೆ.'"

"ಇನ್ನೊಮ್ಮಿ ಓದವಾ. ಸಾವಕಾಶ ಓದು."

ಅವಳು ಇನ್ನೊಮ್ಮೆ ಓದಿದಳು. ಅಕ್ಷರ ಅವೇ ಇದ್ದವು. ಲಗಮಪ್ಪ ಅವಳ ಕೈಯಿಂದ ಕಾಗದ ತಗೊಂಡು, ತನ್ನ ಸಹಿಯ ಮೇಲೆ ಬೆರಳಿಟ್ಟು ಹಾಗೇ ಕೂತುಬಿಟ್ಟ. ದಶರಥ ಕೂಗಾಡುತ್ತಾನೆ, ಏನಾದರೂ ಎತ್ತಿ ಒಗೆಯುತ್ತಾನೆ ಎಂದು ಅಕ್ಕುತಾಯಿ ಹೆದರಿ ಎದ್ದು ನಿಂತಳು. ಅವನು ಪೇಢೆಯ ಪೊಟ್ಟಣ ತೆಗೆದು ಆಯಿಯ ಉಡಿಯಲ್ಲಿ ಇಟ್ಟು, "ತಿನ್ನು ಆಯಿ. ರೊಕ್ಕಾ ಕೊಟ್ಟು ತಂದದ್ದೈತಿ," ಎಂದ.

ಮರುದಿನ ಅವನು ತವನಪ್ಪ ವಕೀಲರ ಹತ್ತಿರ ಓಡಿ ಹೋಗಿ ಬಂದ. ವಕೀಲರು ಕಾಗದ ಓದಿ ತಲೆ ಹಿಡಿದುಕೊಂಡರಂತೆ. ಸಹಿ ಮಾಡಿದವನೇ ಸುಳ್ಳು ಎನ್ನಬೇಕು, ಕೇಸು ಐದು ವರ್ಷ ನಡೆಯುತ್ತದೆ, ಅಷ್ಟು ದಮ್ಮಿದೆಯೇ ಎಂದು ಕೇಳಿದರಂತೆ. ಬುಧವಾರ ಮೂವತ್ತೊಂದು. ಶೇವಂತಾ ಅಂದು ಎಲ್ಲರಿಗಿಂತ ಮೊದಲು ಎದ್ದು ಮನೆಯ ಎಲ್ಲ ಕೌದಿ ಹೊಳೆಗೆ ಒಯ್ದು ಒಗೆದಳು. ಹನ್ನೊಂದರ ಚಿಕ್ಕೋಡಿ ಬಸ್ಸು ದಂಡೆಯ ಮೇಲಿನ ರಸ್ತೆಯಲ್ಲಿ ಹೋಯಿತು. ಅವಳು ತಲೆಯೆತ್ತಲಿಲ್ಲ.

ಇನ್ನೂ ಹದಿನೈದು ದಿನ ತಡೆದರು. ಜೋಳ ಮುಗಿದ ಮೇಲೆ ದಶರಥ ಹೋಗಿ ವಾಡೆಯ ಮುಂದೆ ನಿಂತ. ಅಪ್ಪಾಸಾಬರು ಒಂದು ಕೆಟ್ಟ ಮಾತೂ ಆಡಲಿಲ್ಲವಂತೆ. ಕೀಲಿಕೈ ಒಗೆದರು, ಅಷ್ಟೇ. ಗಾಜಿನ ಮೇಲಿನ ನೀಲಿ ಅಕ್ಷರ ಅಳಿಸಿ ಮತ್ತೆ ಮನೆದೇವರು ಬಂದಿತ್ತು. ಅಪ್ಪಾಸಾಬರು, "ನಿಮ್ಮವ್ವನ್ನೂ ಕರಕೊಂಡು ಬಾ, ಕಬ್ಬಿನ್ಯಾಗ ಕಸಾ ಭಾಳ ಆಗೇತಿ. ಮುದುಕ ಸುಮ್ಕ ಕುಂತಾನಲ್ಲ, ನೀರಿನ ಮೋಟರ್ ಕಾಯಲಿ. ಹುಡುಗಿನ್ನೂ ತಾ," ಎಂದರು.

ಸೋಮವಾರ ಬೆಳಿಗ್ಗೆ ಗಾಡಿಯ ಹಿಂಭಾಗದಲ್ಲಿ ಇಪ್ಪತ್ತು ಆಳು ನಿಂತಿದ್ದರು. ಅವರ ನಡುವೆ ಅಕ್ಕುತಾಯಿ, ಶೇವಂತಾ. ಮೂಲೆಯಲ್ಲಿ ಪೈಪು ಹಿಡಿದು ಲಗಮಪ್ಪ. ಹೊಲದಲ್ಲಿ ಇಳಿದಾಗ ಅಪ್ಪಾಸಾಬರು ಬದುವಿನ ಮೇಲೆ ಕುರ್ಚಿ ಹಾಕಿಸಿ ಕೂತಿದ್ದರು. ಶೇವಂತಾಳನ್ನು ಕಂಡು ನಕ್ಕರು.

"ಬಾರವಾ. ಕಲತ ಹುಡುಗಿ, ನಿನ್ನ ಕೈಯಾಗ ಕುಡಗೋಲ ಯಾಕ ಕೊಡೂಣ? ಇಕಾ, ಹಾಜರಿ ತಗೋ. ಒಬ್ಬೊಬ್ಬರದ ಹೆಸರ ಕರಿ. ಬಂದವರ ಮುಂದ ಗೀಟ ಹೊಡಿ." ಉದ್ದನೆಯ ಪುಸ್ತಕ, ಪೆನ್ಸಿಲ್ಲು ಕೊಟ್ಟರು. ಎಷ್ಟು 'ದಯೆ' ಅವರ ಮುಖದ ಮೇಲೆ! ಶೇವಂತಾಗೆ ಅದನ್ನು ಹರಿದು ಕಾಲುವೆಗೆ ಒಗೆಯಬೇಕೆನ್ನಿಸಿತು. ಆದರೆ ಅವ್ವ ನೋಡುತ್ತಿದ್ದಳು.

ಆಳುಗಳು ಸಾಲಾಗಿ ನಿಂತರು. ಅವಳು ಕರೆಯತೊಡಗಿದಳು. ಒಬ್ಬೊಬ್ಬರೇ ಬಂದೇನಿ, ಇದೀನಿ ಎಂದರು.

"ಅಕ್ಕುತಾಯಿ."

"ಹಾಜರ ಅದೀನ್ರಿ," ಎಂದಳು ಅವ್ವ. ಬದುವಿನ ಮೇಲೆ ಸಾವುಕಾರರಿದ್ದರಲ್ಲ, ಅದಕ್ಕೆ ಆ 'ರಿ'.

"ದಶರಥ, ಡ್ರೈವರ್."

ಅಣ್ಣ ಗಾಡಿಯೊಳಗೆ ಕೂತು ಮುಂದೆ ನೋಡುತ್ತಿದ್ದ. ಹಾರ್ನು ಒಂದು ಸಲ ಹೊಡೆದ.

ಮುಂದಿನ ಹೆಸರು ಅಪ್ಪನದು. ಶೇವಂತಾ ಬಾಯಿ ತೆರೆದಳು. ಮೂವತ್ತೊಂದು ವರ್ಷ ಬೇರೆಯವರ ಮಕ್ಕಳಿಗೆ ಗಂಟೆ ಬಾರಿಸಿದವನು, ಪೈಪು ಕೆಳಗಿಟ್ಟು, ಟೊಪಿಗೆ ಸರಿಮಾಡಿಕೊಂಡು, ಮಗಳ ಮುಂದೆ ನೆಟ್ಟಗೆ ನಿಂತಿದ್ದ. ಅವಳ ಪೆನ್ಸಿಲ್ಲು ಆ ಹೆಸರಿನ ಮುಂದೆಯೇ ನಿಂತಿತು.

"ಯಾಕವಾ ನಿಂತಿ?" ಎಂದರು ಅಪ್ಪಾಸಾಬರು ಕುರ್ಚಿಯ ಮೇಲಿಂದ. "ಮುಂದ ಓದು."